ಒಂದು ನಳಿಗೆ, ಒಂದು ಲಾಟ್

ಗುರಿ ಹೊಡೆಯುವ ರೈಫಲ್ ಬಗ್ಗೆ ಗೋವೆಯಲ್ಲಿ ಕೂತು ಬರೆಯುವವರು ಐನೂರು ವರ್ಷದ ಹಿಂದಿನಿಂದ ಮಾತು ತೆಗೆದರೆ ಅದನ್ನು ಬಡಾಯಿ ಎನ್ನುವಂತಿಲ್ಲ. 1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಈ ನೆಲವನ್ನು ಕಿತ್ತುಕೊಂಡ ಅಫೊನ್ಸೊ ಡಿ ಅಲ್ಬುಕರ್ಕ್, 1513ರಲ್ಲಿ ತನ್ನ ದೊರೆ ಮನುವೆಲನಿಗೆ ಬರೆದ ಪತ್ರದಲ್ಲಿ ಗೋವೆಯ ಕೋವಿ ಕಮ್ಮಾರರನ್ನು ಹೊಗಳಿದ್ದಾನೆ. ಇವರ ಕೆಲಸ ಬೊಹೀಮಿಯದವರ ಕೆಲಸಕ್ಕೆ ಕಡಿಮೆಯಿಲ್ಲ, ನಳಿಗೆಯ ಹಿಂಬದಿಯನ್ನು ತಿರುಪು ಹಾಕಿ ಮುಚ್ಚುವುದನ್ನೂ ಇವರು ಬಲ್ಲರು ಎಂಬುದು ಅವನ ಮಾತಿನ ತಾತ್ಪರ್ಯ. ಆ ತಿರುಪು ಸಣ್ಣ ಸಂಗತಿಯಲ್ಲ. 1543ರಲ್ಲಿ ಪೋರ್ಚುಗೀಸರ ಕೋವಿ ಜಪಾನಿನ ತಾನೆಗಾಶಿಮಾ ದ್ವೀಪ ಮುಟ್ಟಿದಾಗ ಅಲ್ಲಿನ ಕಮ್ಮಾರ ನಳಿಗೆಯನ್ನು ಹೇಗೋ ಬಡಿದು ಮಾಡಿಕೊಂಡ, ಆದರೆ ಅದರ ಹಿಂಬದಿ ಮುಚ್ಚುವ ತಿರುಪು ಬಗೆಹರಿಯದೆ ಮುಂದಿನ ಹಡಗಿನಲ್ಲಿ ಬಂದ ಕಸುಬುದಾರನಿಂದ ಕಲಿಯಬೇಕಾಯಿತು ಎಂದು ಜಪಾನಿನ ಹಳೆಯ ಬರಹವೇ ಹೇಳುತ್ತದೆ. ಗೋವೆಯವರಿಗೆ ಅದು ಮೂವತ್ತು ವರ್ಷ ಮೊದಲೇ ಕೈಗತವಾಗಿತ್ತು. ನನಗೆ ಮುಖ್ಯವೆನಿಸುವುದು ಆ ಪತ್ರದ ಇನ್ನೊಂದು ಅಂಶ. ಅಲ್ಬುಕರ್ಕ್ ಬರೀ ಹೊಗಳಿ ಸುಮ್ಮನಾಗಲಿಲ್ಲ. ಒಬ್ಬ ಮೇಸ್ತ್ರಿಯನ್ನೂ ಕೆಲವು ಮಾದರಿಗಳನ್ನೂ ಲಿಸ್ಬನ್‌ಗೆ ಕಳಿಸಿಕೊಟ್ಟ. ನೋಡಿ, ಹೊಡೆದು, ನೀವೇ ತೀರ್ಮಾನಿಸಿ ಎಂದ ಹಾಗೆ. ಇಂದಿನ ರೈಫಲ್‌ಗೂ ಬೇಕಾದದ್ದು ಅದೇ.

ತಮಗೆ ಬೇಕಾದ ಹಾಗೆ ಕಟ್ಟಿಸಿದ .22 ರೈಫಲ್ ಎಂದ ಕೂಡಲೇ ಜನ ಕೇಳುವುದು ನಳಿಗೆ ಯಾವ ಕಂಪನಿಯದು, ಆ್ಯಕ್ಷನ್ ಯಾವುದು, ಸ್ಟಾಕ್‌ಗೆ ಎಷ್ಟು ಬಿತ್ತು ಎಂದೇ. ಇಂಥ ರೈಫಲ್‌ಗಳ ಒಡನಾಟದ ವರ್ಷಗಳನ್ನು ಈಗ ಹಿಂತಿರುಗಿ ನೋಡಿದರೆ ನನ್ನಲ್ಲಿ ಗಟ್ಟಿಯಾಗಿ ಉಳಿದಿರುವ ಅಭಿಪ್ರಾಯ ಬೇರೆ. ರಿಮ್‌ಫೈರ್ ರೈಫಲ್ ವರ್ಕ್‌ಶಾಪಿನಿಂದ ಹೊರಬಂದಾಗ ಅರ್ಧ ಮಾತ್ರ ತಯಾರಾಗಿರುತ್ತದೆ. ಉಳಿದರ್ಧ ಆಗುವುದು ಅದರ ನಳಿಗೆಗೆ ಒಗ್ಗುವ ತೋಟಾದ ಲಾಟ್, ಅಂದರೆ ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ಕಂತು, ಸಿಕ್ಕಾಗ. ಆ ಲಾಟ್ ಹುಡುಕುವುದಕ್ಕೆ ಅದೃಷ್ಟ ಸಾಲದು, ಹಣವೂ ಸಾಲದು, ಲೆಕ್ಕ ಇಟ್ಟು ಮಾಡುವ ಪರೀಕ್ಷೆ ಬೇಕು. ನಮ್ಮಲ್ಲಿ ಕೊರತೆ ಇರುವುದು ಅದರದ್ದೇ. ಹಾಗಂತ ನಳಿಗೆಗೆ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ಕೆಟ್ಟ ನಳಿಗೆಯನ್ನು ಯಾವ ತೋಟಾವೂ ಉದ್ಧಾರ ಮಾಡಲಾರದು. ಆದರೆ ಒಳ್ಳೆಯ ನಳಿಗೆಯನ್ನು ಹೊಂದದ ತೋಟಾ ಕೆಡಿಸಬಲ್ಲದು, ಕೆಡಿಸುತ್ತಲೂ ಇರುತ್ತದೆ. ಶೂಟರ್ ಮಾತ್ರ ತನ್ನ ಉಸಿರಾಟವನ್ನೋ ಟ್ರಿಗರ್ ಬೆರಳನ್ನೋ ಬೈದುಕೊಳ್ಳುತ್ತಿರುತ್ತಾನೆ.

ಕಾರಣ ತೋಟಾದ ರಚನೆಯಲ್ಲೇ ಇದೆ. ದೊಡ್ಡ ಕ್ಯಾಲಿಬರ್‌ನ ಸೆಂಟರ್‌ಫೈರ್ ತೋಟಾಕ್ಕೆ ಹಿಂಬದಿಯ ನಡುವಿನಲ್ಲಿ ಬೇರೆಯೇ ಪ್ರೈಮರ್ ಕೂರುತ್ತದೆ. ಖಾಲಿ ಕೇಸಿಗೆ ಹೊಸ ಪ್ರೈಮರ್, ಅಳೆದ ಮದ್ದು, ಆಯ್ದ ಗುಂಡು ತುಂಬಿ ತಮ್ಮ ರೈಫಲ್‌ಗೆ ಒಗ್ಗುವ ತೋಟಾವನ್ನು ಹೊರದೇಶಗಳ ಶೂಟರ್‌ಗಳು ತಾವೇ ಸಿದ್ಧಪಡಿಸಿಕೊಳ್ಳುತ್ತಾರೆ. ರಿಮ್‌ಫೈರ್‌ನಲ್ಲಿ ಆ ದಾರಿಯೇ ಇಲ್ಲ. ಸಿಡಿಯುವ ಪ್ರೈಮರ್ ಮಿಶ್ರಣವನ್ನು ಹಸಿಯಾಗಿರುವಾಗಲೇ ಕೇಸಿನ ಅಂಚಿನ ಟೊಳ್ಳಿಗೆ ತುಂಬಿರುತ್ತಾರೆ. ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಿದಾಗ ತೋಟಾ ಸಿಡಿಯುತ್ತದೆ, ಅಲ್ಲಿಗೆ ಕೇಸಿನ ಆಯುಸ್ಸು ಮುಗಿಯುತ್ತದೆ. 1887ರಿಂದ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟಾದ ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ ಸೀಸ. ಅದನ್ನು ತಳ್ಳುವ ಮದ್ದು ಒಂದು ಗ್ರೇನ್‌ಗಿಂತ ಚೂರು ಹೆಚ್ಚು ಕಡಿಮೆ. ಅಷ್ಟು ಚಿಟಿಕೆ ಮದ್ದಿನಲ್ಲಿ, ಅಂಚಿಗೆ ಹರಡಿದ ಪ್ರೈಮರ್‌ನಲ್ಲಿ, ಸೀಸಕ್ಕೆ ಬಳಿದ ಮೇಣದಲ್ಲಿ ಕೂದಲೆಳೆಯ ವ್ಯತ್ಯಾಸ ಬಂದರೂ ಗುಂಡಿನ ವೇಗ ಬದಲಾಗುತ್ತದೆ. ಕಾರ್ಖಾನೆ ಒಂದೇ, ಯಂತ್ರ ಒಂದೇ, ಡಬ್ಬಿಯ ಬಣ್ಣವೂ ಒಂದೇ. ಆದರೂ ಒಂದು ಲಾಟ್ ಇನ್ನೊಂದರಂತಿರುವುದಿಲ್ಲ. ಬರ್ಮಿಂಗ್‌ಹ್ಯಾಮ್‌ನ ಈಲಿ ಕಂಪನಿ ತನ್ನ ಟೆನೆಕ್ಸ್ ಡಬ್ಬಿಗಳ ಮೇಲೆ ಲಾಟ್ ಸಂಖ್ಯೆಯನ್ನೂ ಆ ಲಾಟ್‌ನ ಸರಾಸರಿ ವೇಗವನ್ನೂ ಅಚ್ಚು ಹಾಕುವುದು ಸುಮ್ಮನೆ ಅಲ್ಲ. ಐವತ್ತು ತೋಟಾಗಳ ಆ ಪುಟ್ಟ ಡಬ್ಬಿಯಲ್ಲಿ ಬ್ರ್ಯಾಂಡ್ ಹೆಸರಿಗಿಂತ ಅಂಚಿನಲ್ಲಿರುವ ಆ ಚಿಕ್ಕ ಅಂಕಿಗಳೇ ನನಗೆ ಹೆಚ್ಚು ಓದತಕ್ಕ ಬರಹ.

ವ್ಯತ್ಯಾಸ ಎಷ್ಟು ದೊಡ್ಡದು ಎಂದು ತಿಳಿಯಲು ಗುರಿಹಲಗೆಯ ಅಳತೆ ನೋಡಬೇಕು. 50 ಮೀಟರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರ್, ಒಂಬತ್ತರದು 26.4. ಅಂದರೆ ಕೇಂದ್ರದಿಂದ 8 ಮಿಲಿಮೀಟರ್ ದೂರ ಸರಿದರೆ ಒಂದು ಅಂಕ, 0.8 ಮಿಲಿಮೀಟರ್ ಸರಿದರೆ ದಶಾಂಶ ಒಂದು ಹೋಯಿತು. ಮ್ಯಾಚ್ ತೋಟಾದ ಗುಂಡು ನಳಿಗೆಯ ಬಾಯಿ ಬಿಡುವಾಗ ಸೆಕೆಂಡಿಗೆ 330 ಮೀಟರ್ ಆಸುಪಾಸಿನಲ್ಲಿರುತ್ತದೆ. 50 ಮೀಟರ್ ಸಾಗಲು ಅದಕ್ಕೆ 0.16 ಸೆಕೆಂಡ್ ಬೇಕು. ಅಷ್ಟರಲ್ಲಿ ಭೂಮಿ ಅದನ್ನು ಹನ್ನೆರಡು ಸೆಂಟಿಮೀಟರ್‌ಗಿಂತ ಹೆಚ್ಚು ಕೆಳಗೆಳೆದಿರುತ್ತದೆ. ಒಂದು ಗುಂಡು ಇನ್ನೊಂದಕ್ಕಿಂತ ಸೆಕೆಂಡಿಗೆ 10 ಮೀಟರ್ ನಿಧಾನವಾದರೆ ಅದು ಏಳೆಂಟು ಮಿಲಿಮೀಟರ್ ಕೆಳಗೆ ಬೀಳುತ್ತದೆ. ಶೂಟರ್ ಕಲ್ಲಿನಂತೆ ಅಲುಗದೆ ಮಲಗಿದ್ದರೂ ಹೆಚ್ಚುಕಡಿಮೆ ಒಂದು ಅಂಕ ಕೈಬಿಟ್ಟಿತು. ನಳಿಗೆ ಗುಂಡು ಹಾರುವಾಗ ಕಂಪಿಸುತ್ತದೆ ಎಂಬುದೂ ನಿಜ. ಅದರ ತುದಿ ಮೇಲೇಳುವ ಗಳಿಗೆಯಲ್ಲಿ ನಿಧಾನದ ಗುಂಡು ಹೊರಬಿದ್ದರೆ ಈ ಇಳಿತ ಸ್ವಲ್ಪ ಸರಿದೂಗುತ್ತದೆ. ನಳಿಗೆಯ ತುದಿಗೆ ಸರಿದಾಡುವ ತೂಕ ಹಾಕುವ ಟ್ಯೂನರ್‌ಗಳ ಹಿಂದಿರುವುದು ಇದೇ ತರ್ಕ. ಆದರೆ ಯಾವ ನಳಿಗೆ ಯಾವ ವೇಗಕ್ಕೆ ಹೀಗೆ ಸರಿದೂಗಿಸುತ್ತದೆ ಎಂಬುದನ್ನು ನಕ್ಷೆ ನೋಡಿ ಹೇಳಲಾಗದು, ಹೊಡೆದೇ ತಿಳಿಯಬೇಕು.

ಕಟ್ಟುವ ಕೆಲಸದಲ್ಲಿ ಕೈಗೆ ಸಿಗುವ ಸುಖ ಇಲ್ಲವೇ ಎಂದರೆ ಖಂಡಿತ ಇದೆ, ಅದನ್ನು ಅಲ್ಲಗಳೆಯಲಾರೆ. ನಳಿಗೆಯೊಳಗೆ ಮೆದು ಸೀಸದ ತುಂಡೊಂದನ್ನು ಕಡ್ಡಿಯಿಂದ ಮೆಲ್ಲಗೆ ತಳ್ಳುತ್ತ ಹೋಗುವುದನ್ನೇ ನೋಡಿ. ಹದಿನಾರು ಇಂಚಿಗೆ ಒಂದು ಸುತ್ತು ತಿರುಗುವ ಗೆರೆಗಳ ಮೇಲೆ ಅದು ಜಾರುವಾಗ, ಯಾವ ಮಾಪಕವೂ ತೋರಿಸದ ಸಡಿಲು ಬಿಗಿಗಳು ಅಂಗೈಗೆ ಗೊತ್ತಾಗುತ್ತವೆ. ಒಳ್ಳೆಯ ರಿಮ್‌ಫೈರ್ ನಳಿಗೆಯಲ್ಲಿ ಒತ್ತಡ ಉದ್ದಕ್ಕೂ ಒಂದೇ ಸಮ ಇದ್ದು ಬಾಯಿಯ ಹತ್ತಿರ ಒಂದಿಷ್ಟು ಬಿಗಿಯಾಗಬೇಕು. ನಡುವಿನಲ್ಲಿ ತಟ್ಟನೆ ಸಡಿಲಾದರೆ ಆ ನಳಿಗೆಯನ್ನು ಪಕ್ಕಕ್ಕಿಡುವುದೇ ಮೇಲು. ಚೇಂಬರ್‌ನಲ್ಲಿ ತೋಟಾ ಕೂತಾಗ ಸೀಸದ ಗುಂಡಿನ ಮೈಮೇಲೆ ಗೆರೆಗಳ ಗುರುತು ತೆಳ್ಳಗೆ, ಸುತ್ತಲೂ ಸಮನಾಗಿ ಮೂಡಬೇಕು. ಆ್ಯಕ್ಷನ್ ಅನ್ನು ಸ್ಟಾಕ್‌ಗೆ ಹಿಡಿಯುವ ತಿರುಪುಗಳನ್ನು ಅಂದಾಜಿನಲ್ಲಿ ಬಿಗಿಯುವಂತಿಲ್ಲ. ಉಲ್ಮ್‌ನ ಆನ್‌ಶುಟ್ಜ್ ರೈಫಲ್‌ಗಳಿಗೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಎನ್ನುತ್ತಾರೆ, ಅದಕ್ಕೆ ಟಾರ್ಕ್ ರೆಂಚ್ ಬೇಕು. ಇವೆಲ್ಲ ನಿಜವಾದ ಕೌಶಲ. ಆದರೆ ಇಷ್ಟೆಲ್ಲ ಆದ ಮೇಲೂ ಸಿಗುವುದು ಒಂದು ಸಾಧ್ಯತೆ ಮಾತ್ರ. ಒಬ್ಬನೇ ಮೇಸ್ತ್ರಿ ಒಂದೇ ವಾರ ಕಟ್ಟಿದ ಎರಡು ರೈಫಲ್‌ಗಳಲ್ಲಿ ಒಂದಕ್ಕೆ ಹಿಡಿಸಿದ ಲಾಟ್ ಇನ್ನೊಂದಕ್ಕೆ ಹಿಡಿಸದೇ ಇರುವುದು ಈ ಕಸುಬಿನಲ್ಲಿ ಅಚ್ಚರಿಯ ಸುದ್ದಿಯೇ ಅಲ್ಲ.

ಹಾಗಾದರೆ ಪರೀಕ್ಷೆ ಎಂದರೇನು? ನಮ್ಮ ರೇಂಜ್‌ಗಳಲ್ಲಿ ಪರೀಕ್ಷೆ ಎನ್ನುವ ಹೆಸರಲ್ಲಿ ನಡೆಯುವುದರಲ್ಲಿ ಬಹುಪಾಲು ಪರೀಕ್ಷೆಯಲ್ಲ. ಮೂರು ಬಗೆಯ ತೋಟಾ ತಂದು, ಒಂದೊಂದರಲ್ಲಿ ಐದು ಗುಂಡು ಹೊಡೆದು, ಚಿಕ್ಕ ಗ್ರೂಪ್ ಬಂದದ್ದನ್ನು ಶ್ರೇಷ್ಠ ಎಂದು ಘೋಷಿಸಿ ಫೋನಿನಲ್ಲಿ ಚಿತ್ರ ಹಿಡಿದರೆ ಮುಗಿಯಿತು. ಆದರೆ ಅದೇ ರೈಫಲ್, ಅದೇ ಲಾಟ್‌ನಲ್ಲಿ ಐದೈದರ ಗ್ರೂಪ್‌ಗಳನ್ನು ಹೊಡೆಯುತ್ತ ಹೋದರೆ ಒಂದು ಇನ್ನೊಂದರ ಇಮ್ಮಡಿ ಬರುವುದು ತೀರ ಸಹಜ. ಗುಂಡುಗಳ ಚದುರುವಿಕೆ ಬದಲಾಗಿರುವುದಿಲ್ಲ, ನಮ್ಮ ಅಳತೆಯೇ ಒರಟು. ಹತ್ತರ ಗ್ರೂಪ್ ಐದರದ್ದಕ್ಕಿಂತ ಸರಾಸರಿ ಕಾಲು ಭಾಗ ದೊಡ್ಡದಾಗಿಯೇ ಬರುತ್ತದೆ, ಹಾಗಾಗಿ ನೋಡಲು ಅಷ್ಟು ಚಂದ ಕಾಣುವುದಿಲ್ಲ; ಆದರೆ ಅದು ಹೇಳುವ ಮಾತನ್ನು ಹೆಚ್ಚು ನಂಬಬಹುದು. ಈಲಿಯ ಪರೀಕ್ಷಾ ರೇಂಜ್‌ನಲ್ಲಾಗಲಿ ಜರ್ಮನಿಯ ಶೋನೆಬೆಕ್‌ನಲ್ಲಿರುವ ಲಪುವಾ ತೋಟಾ ಕಂಪನಿಯ ರೇಂಜ್‌ನಲ್ಲಾಗಲಿ ರೈಫಲ್‌ನ ಆ್ಯಕ್ಷನ್ ಮತ್ತು ನಳಿಗೆಯನ್ನು ಸ್ಟಾಕ್‌ನಿಂದ ಬಿಚ್ಚಿ ಕಬ್ಬಿಣದ ಹಿಡಿಕೆಗೆ ಬಿಗಿದು, ಒಂದೊಂದು ಲಾಟ್‌ನಲ್ಲಿ ಹಲವು ಗ್ರೂಪ್ ಹೊಡೆದು, ಎಲ್ಲವನ್ನೂ ಒಂದರ ಮೇಲೊಂದಿಟ್ಟು ನೋಡುತ್ತಾರೆ. ಅಲ್ಲಿ ಮನುಷ್ಯನ ಭುಜವಿಲ್ಲ, ಉಸಿರಿಲ್ಲ, ಗಾಳಿಯಿಲ್ಲ. ನಲವತ್ತು ಐವತ್ತು ಗುಂಡು ಒಂದೇ ಕೇಂದ್ರದ ಸುತ್ತ ಹೇಗೆ ಬಿದ್ದವು, ಗುಂಪಿನಿಂದ ಆಚೆ ಹಾರಿದ ಒಂಟಿ ಗುಂಡುಗಳೆಷ್ಟು ಎಂಬುದಷ್ಟೇ ಲೆಕ್ಕ. ನಾನು ಗ್ರೂಪ್‌ನ ಅಗಲಕ್ಕಿಂತ ಆ ಒಂಟಿ ಗುಂಡುಗಳಿಗೆ ಹೆಚ್ಚು ಬೆಲೆ ಕೊಡುತ್ತೇನೆ. ಪಂದ್ಯದಲ್ಲಿ ಶೂಟರ್‌ನ ಎದೆ ಒಡೆಯುವುದು ಅವುಗಳಿಂದಲೇ.

ನನ್ನ ತಲೆಮಾರಿನ ಬಹಳ ಮಂದಿಗೆ .22 ಪರಿಚಯವಾದದ್ದು ಎನ್‌ಸಿಸಿಯಲ್ಲಿ, 25 ಗಜದ ರೇಂಜಿನಲ್ಲಿ. ಅಲ್ಲಿ ಹವಾಲ್ದಾರರು ಹೇಳಿಕೊಡುತ್ತಿದ್ದ ಕ್ರಮ ಇಂದಿಗೂ ಸರಿಯಾದದ್ದೇ: ಮೊದಲು ಗ್ರೂಪಿಂಗ್, ಆಮೇಲೆ ಜೀರೋಯಿಂಗ್. ಗುಂಡುಗಳು ಎಲ್ಲಿ ಬಿದ್ದವು ಎನ್ನುವುದಕ್ಕಿಂತ ಒಟ್ಟಿಗೆ ಬಿದ್ದವೇ ಎನ್ನುವುದು ಮೊದಲ ಪ್ರಶ್ನೆ. ಆ ಪಾಠ ಕೆಡೆಟ್‌ನ ಹಿಡಿತಕ್ಕೆ ಹೇಳಿದ್ದಾದರೂ ರೈಫಲ್‌ಗೂ ಅಷ್ಟೇ ಅನ್ವಯಿಸುತ್ತದೆ. ಲಕ್ಷಗಟ್ಟಲೆ ಬೆಲೆಯ ರೈಫಲ್ ಕೊಂಡವರು ಅದನ್ನು ಮರೆತು ಬುಲ್ ಮಧ್ಯಕ್ಕೆ ಬಂತೇ ಎಂದು ನೋಡುತ್ತಾರೆ ಎನ್ನುವುದು ವಿಚಿತ್ರ.

ಗೋವೆಯ ಹವೆ ಈ ವಾದಕ್ಕೆ ಇನ್ನೊಂದು ಮಗ್ಗುಲು ಸೇರಿಸುತ್ತದೆ. ಕಾರ್ಖಾನೆಯ ತಂಪಾದ ಒಳಾಂಗಣ ರೇಂಜ್‌ನಲ್ಲಿ ಆರಿಸಿದ ಲಾಟ್ ಇಲ್ಲಿನ ಮೇ ತಿಂಗಳ 33 ಡಿಗ್ರಿಯಲ್ಲಿ ಹಾಗೇ ನಡೆದುಕೊಳ್ಳುತ್ತದೆಯೇ? ಒಂದು ಲೆಕ್ಕದಲ್ಲಿ ಶಾಖ ನಮಗೆ ಅನುಕೂಲವೇ. 15 ಡಿಗ್ರಿಯಲ್ಲಿ ಸೆಕೆಂಡಿಗೆ 340 ಮೀಟರ್ ಇರುವ ಶಬ್ದದ ವೇಗ ಇಲ್ಲಿ 350 ದಾಟುತ್ತದೆ. ಹಾಗಾಗಿ ಮ್ಯಾಚ್ ಗುಂಡು ಶಬ್ದವೇಗದ ಅಂಚಿನ ಗೊಂದಲದಿಂದ ಇನ್ನಷ್ಟು ದೂರ ಉಳಿಯುತ್ತದೆ. ಯುರೋಪಿನ ಚಳಿಯಲ್ಲಿ ಆ ಅಂಚು ಬಹಳ ಹತ್ತಿರ. ಆದರೆ ಕಾದ ಮದ್ದು ಚುರುಕಾಗುತ್ತದೆ, ಮೇಣ ಮೆತ್ತಗಾಗುತ್ತದೆ, ನಳಿಗೆ ಒಗ್ಗಿಕೊಂಡಿದ್ದ ವೇಗ ತುಸು ಸರಿಯುತ್ತದೆ. ಇನ್ನು ಮಳೆಗಾಲ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಕರಾವಳಿಯಲ್ಲಿ ವಾಲ್‌ನಟ್ ಮರದ ಸ್ಟಾಕ್ ಜೂನ್‌ನಲ್ಲಿ ಉಬ್ಬಿ ಜನವರಿಯಲ್ಲಿ ಕುಗ್ಗುತ್ತದೆ, ಆ್ಯಕ್ಷನ್ ಕೂರುವ ಬೆಡ್ಡಿಂಗ್‌ನ ಹಿಡಿತ ಬದಲಾಗುತ್ತದೆ. ಇಲ್ಲಿ ಅಲ್ಯೂಮಿನಿಯಂ ಸ್ಟಾಕ್ ಶೋಕಿಯಲ್ಲ. ಉಪ್ಪುಗಾಳಿಯಂತೂ ಸ್ಟೇನ್‌ಲೆಸ್ ಉಕ್ಕಿಗೂ ಚುಕ್ಕಿ ಹಿಡಿಸುತ್ತದೆ. ಮಧ್ಯಾಹ್ನ ಕಡಲಿನಿಂದ ಗಾಳಿ ಏಳುತ್ತದೆ; ಸೆಕೆಂಡಿಗೆ ಒಂದೇ ಮೀಟರ್‌ನ ಅಡ್ಡಗಾಳಿ 50 ಮೀಟರ್‌ನಲ್ಲಿ ಈ ಗುಂಡನ್ನು ಏಳು ಮಿಲಿಮೀಟರ್‌ನಷ್ಟು ಪಕ್ಕಕ್ಕೆ ದೂಡಬಲ್ಲದು. ಆ ಹೊತ್ತಿನಲ್ಲಿ ಬಯಲಿನಲ್ಲಿ ಮಾಡಿದ ಲಾಟ್ ಪರೀಕ್ಷೆ ಅಳೆಯುವುದು ಗಾಳಿಯನ್ನು, ತೋಟಾವನ್ನಲ್ಲ. ಬೆಳಗಿನ ನಿಶ್ಚಲ ಹೊತ್ತು ಅಥವಾ ಗೋಡೆಗಳಿರುವ ರೇಂಜ್, ಎರಡರಲ್ಲೊಂದು ಬೇಕೇ ಬೇಕು. ಯುರೋಪಿನಲ್ಲಿ ಆರಿಸಿ ತಂದ ಲಾಟನ್ನೂ ಇಲ್ಲಿ ಇನ್ನೊಮ್ಮೆ ಹೊಡೆದು ನೋಡದೆ ಪಂದ್ಯಕ್ಕೆ ಒಯ್ಯಬಾರದು ಎಂದು ನಾನು ಹೇಳುವುದು ಇದಕ್ಕೇ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ: ಹೊಡೆಯುವುದು ಮನುಷ್ಯ, ರೈಫಲ್ ಅಲ್ಲ. ಗೋವೆ, ಬೆಳಗಾವಿಗಳಿಂದ ಬಹಳ ದೂರವಲ್ಲದ ಕೊಲ್ಹಾಪುರವನ್ನು ಇದಕ್ಕೆ ಸಾಕ್ಷಿಯಾಗಿ ಕರೆಯುತ್ತಾರೆ. ಆ ಜಿಲ್ಲೆಯ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್‌ನಲ್ಲಿ (ಮಲಗಿ ಹೊಡೆಯುವ ಸ್ಪರ್ಧೆ) ವಿಶ್ವ ಚಾಂಪಿಯನ್ ಆದರು. ಅದೇ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ 451.4 ಅಂಕದೊಂದಿಗೆ ಕಂಚು ಗೆದ್ದರು. ಇಬ್ಬರನ್ನೂ ಬೆಳೆಸಿದ್ದು ಸಾಧನೆ ಮತ್ತು ಸಹನೆ, ತೋಟಾದ ಡಬ್ಬಿಯಲ್ಲ ಎನ್ನುವುದು ಪೂರ್ತಿ ಸರಿ. ಕಲಿಯುವ ಹುಡುಗ ಹುಡುಗಿಯರಿಗೆ ಲಾಟ್‌ನ ಚಿಂತೆ ಬೇಡವೇ ಬೇಡ. ಅವರ ಕೈಯ ತಪ್ಪು ತೋಟಾದ ತಪ್ಪಿಗಿಂತ ಎಷ್ಟೋ ಪಟ್ಟು ದೊಡ್ಡದು. ಆದರೆ ಇನ್ನೊಂದು ಫಲಿತಾಂಶವನ್ನೂ ನೋಡಿ. 2012ರ ಲಂಡನ್ ಒಲಿಂಪಿಕ್ಸ್‌ನ ಪ್ರೋನ್ ಸ್ಪರ್ಧೆಯಲ್ಲಿ ಜಾಯ್‌ದೀಪ್ ಕರ್ಮಾಕರ್ 699.1 ಅಂಕ ಗಳಿಸಿ ನಾಲ್ಕನೆಯವರಾದರು, 701.0 ಗಳಿಸಿದ ರೈಮಂಡ್ ಡೆಬೆವೆಚ್‌ಗೆ ಕಂಚು ಹೋಯಿತು. ಎಪ್ಪತ್ತು ಗುಂಡುಗಳ ಮೇಲೆ 1.9 ಅಂಕದ ಅಂತರ. ಕರ್ಮಾಕರ್ ತೋಟಾದಿಂದ ಸೋತರು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವಿಲ್ಲ. ಆ ಮಟ್ಟದಲ್ಲಿ ಪದಕದ ಅಂತರ ಲಾಟ್‌ಗಳ ನಡುವಿನ ಅಂತರಕ್ಕಿಂತ ದೊಡ್ಡದಲ್ಲ ಎಂಬುದಷ್ಟೇ ನನ್ನ ವಾದ. ಮನುಷ್ಯ ಪಳಗಿದಷ್ಟೂ ತೋಟಾದ ಪಾಲು ಹಿಗ್ಗುತ್ತದೆ. ಆಕ್ಷೇಪ ನಿಜವಾಗಿರುವುದು ಏಣಿಯ ಕೆಳಗಿನ ಮೆಟ್ಟಿಲುಗಳಲ್ಲಿ ಮಾತ್ರ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ನಮ್ಮಲ್ಲಿ ರೈಫಲ್ ಕಟ್ಟಲೇ ಬಿಡುವುದಿಲ್ಲ, ಪರೀಕ್ಷೆಯ ಮಾತು ಎಲ್ಲಿ ಬಂತು ಎನ್ನುವವರಿದ್ದಾರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಇಟ್ಟುಕೊಳ್ಳುವುದಕ್ಕೂ ಪರವಾನಗಿ, ತಯಾರಿಕೆ, ಮಾರ್ಪಾಡು, ದುರಸ್ತಿಗೂ ಬೇರೆಯೇ ಪರವಾನಗಿ. 2019ರ ತಿದ್ದುಪಡಿ ಅಕ್ರಮ ತಯಾರಿಕೆಗೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇಟ್ಟಿದೆ. ಅಮೆರಿಕದ ಹವ್ಯಾಸಿ ತನ್ನ ಗ್ಯಾರೇಜಿನಲ್ಲಿ ನಳಿಗೆ ತಿರುಪಿ ಕೂರಿಸುವ ಹಾಗೆ ಮಡಗಾಂವ್‌ನಲ್ಲೋ ಹುಬ್ಬಳ್ಳಿಯಲ್ಲೋ ಯಾರೂ ಮಾಡುವಂತಿಲ್ಲ, ಮಾಡಲೂ ಬಾರದು. ಈ ಕಟ್ಟುಪಾಡಿನ ಬಗ್ಗೆ ನನಗೆ ಗೊಣಗಾಟವಿಲ್ಲ. ಹಳ್ಳಿ ಹಳ್ಳಿಯಲ್ಲಿ ನಾಡಕೋವಿ ತಯಾರಾಗುವ ದೇಶ ಯಾರಿಗೂ ಬೇಡ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವ ಕೊಡಗಿನಲ್ಲಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ .22 ರೈಫಲ್ ಇಂದಿಗೂ ಸದ್ದು ಮಾಡುತ್ತದೆ. ಆದರೆ ಆ ವಿನಾಯಿತಿ ಕೂಡ ಕೋವಿ ಇಟ್ಟುಕೊಳ್ಳುವುದಕ್ಕೆ, ಕೋವಿ ಮಾಡುವುದಕ್ಕಲ್ಲ. ಕಾನೂನಿನಿಂದ ನಾನು ತೆಗೆಯುವ ತೀರ್ಮಾನವೇ ಬೇರೆ. ಕಟ್ಟುವುದು ನಮ್ಮ ಕೈಯಲ್ಲಿಲ್ಲವಾದರೆ, ನಮ್ಮ ಪಾಲಿಗೆ ಉಳಿದಿರುವ ಕಸಬುದಾರಿಕೆ ಆಯ್ಕೆಯದು. ಪರವಾನಗಿ ಪಡೆದು ತರಿಸಿಕೊಂಡ ರೈಫಲ್‌ಗೆ ಬಟ್‌ಪ್ಲೇಟ್, ಚೀಕ್‌ಪೀಸ್ ಹೊಂದಿಸಿ, ತೋಟಾ ಆರಿಸಿ ತಮ್ಮದಾಗಿಸಿಕೊಳ್ಳುವುದೇ ಇಲ್ಲಿ ಕಸ್ಟಮ್ ಎನ್ನುವುದರ ಅರ್ಥ.

ದೇಶಕ್ಕೆ ಯಂತ್ರಕೌಶಲ ಇಲ್ಲ ಎಂಬ ಮಾತಂತೂ ಹಳಸಿದ್ದು. ಬೆಂಗಳೂರಿನ ಖಾಸಗಿ ಕಂಪನಿ ಎಸ್‌ಎಸ್‌ಎಸ್ ಡಿಫೆನ್ಸ್ .338 ಲಪುವಾ ಮ್ಯಾಗ್ನಮ್‌ನ ದೂರಗಾಮಿ ಸ್ನೈಪರ್ ರೈಫಲ್ ಮಾಡುತ್ತದೆ. ಅಂಥ ನಳಿಗೆ ಕೊರೆಯಬಲ್ಲ ಊರಿಗೆ .22 ನಳಿಗೆ ದುಸ್ತರವೇನಲ್ಲ. ಇಲ್ಲದಿರುವುದು ಅದರ ಪಕ್ಕದಲ್ಲಿರಬೇಕಾದ ಮ್ಯಾಚ್ ತೋಟಾ ಮತ್ತು ಪರೀಕ್ಷಾ ರೇಂಜ್. ಆಮದು ಮಾಡಿದ ತೋಟಾ ಸಿಕ್ಕರೆ ಸಾಕು, ಲಾಟ್ ಕೇಳುವ ಐಷಾರಾಮ ನಮಗೆಲ್ಲಿ ಎಂದು ಶೂಟರ್‌ಗಳು ಹೇಳುವುದನ್ನು ನಾನು ಒಪ್ಪುತ್ತೇನೆ. ಬಡವನ ಮದುವೆಯಲ್ಲಿ ಎಲೆ ಆರಿಸುವಂತಿಲ್ಲ. ಆದರೂ ಬಂದ ತೋಟಾದಲ್ಲೇ ಎರಡು ಲಾಟ್ ಇದ್ದರೆ ಅಲ್ಲಿಗೇ ಆಯ್ಕೆ ಶುರುವಾಗುತ್ತದೆ. ಒಂದು ರೈಫಲ್‌ಗೆ ಹಿಡಿಸದ ಲಾಟ್ ಪಕ್ಕದವರ ರೈಫಲ್‌ಗೆ ಹಿಡಿಸಬಹುದು. ಹಾಗಾಗಿ ಪರೀಕ್ಷೆ ಒಬ್ಬೊಬ್ಬರೇ ಮಾಡುವುದಕ್ಕಿಂತ ಕ್ಲಬ್ ಮಾಡಿದರೆ ಖರ್ಚು ಹಂಚಿಹೋಗುತ್ತದೆ, ಫಲ ಎಲ್ಲರಿಗೂ ಸಿಗುತ್ತದೆ.

1951ರಲ್ಲಿ ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ ಅವರ ಮುಂದಾಳುತನದಲ್ಲಿ ಹುಟ್ಟಿದ ರಾಷ್ಟ್ರೀಯ ರೈಫಲ್ ಸಂಸ್ಥೆಗೂ ರಾಜ್ಯಗಳ ರೈಫಲ್ ಸಂಸ್ಥೆಗಳಿಗೂ ನನ್ನ ಕೋರಿಕೆ ಇಷ್ಟೇ. ಪಶ್ಚಿಮ ಕರಾವಳಿಯ ಶೂಟರ್‌ಗಳಿಗಾಗಿ, ಗೋವೆಯಲ್ಲೇ ಆಗಲಿ ಬೆಳಗಾವಿಯಲ್ಲೇ ಆಗಲಿ, ಗಾಳಿ ನುಗ್ಗದ 50 ಮೀಟರ್‌ನ ಒಂದು ಲೇನ್, ಕಾಂಕ್ರೀಟಿಗೆ ಹುಗಿದ ಒಂದು ಹಿಡಿಕೆ, ಗುಂಡಿನ ವೇಗ ಅಳೆಯುವ ಒಂದು ಕ್ರೋನೋಗ್ರಾಫ್ ಇರಿಸಿ, ಹೊಡೆದ ಪ್ರತಿ ಲಾಟ್‌ನ ಫಲಿತಾಂಶವನ್ನು ಸದಸ್ಯರಿಗೆಲ್ಲ ತೆರೆದಿಡಿ. ಅದು ಆಗುವವರೆಗೆ .22 ಕೈಯಲ್ಲಿರುವ ಓದುಗರು ಹೊಸ ನಳಿಗೆಯ ಆಸೆಗೆ ಬೀಳುವ ಮುಂಚೆ ಈಗಿರುವ ರೈಫಲ್‌ನಲ್ಲೇ ಕನಿಷ್ಠ ಎರಡು ಲಾಟ್‌ಗಳನ್ನು ಗಾಳಿಯಿಲ್ಲದ ಬೆಳಗಿನಲ್ಲಿ ಹತ್ತತ್ತರ ನಾಲ್ಕು ಗ್ರೂಪ್‌ಗಳಂತೆ ಹೊಡೆದು ನೋಡಲಿ. ಡಬ್ಬಿಯ ಮೇಲಿನ ಲಾಟ್ ಸಂಖ್ಯೆಯನ್ನು ಗುರಿಹಾಳೆಯ ಮೇಲೆ ಬರೆದಿಡುವುದನ್ನು ಮರೆಯದಿರಲಿ.